ಚಕ್ಕುಲಿ ಕಡಿದದ್ದು ಅಪಘಾತವಲ್ಲ

ಕಾಸರಗೋಡಿನ ಕಡೆ ಅರುವತ್ತು ದಾಟಿದವರ ದವಡೆಹಲ್ಲು ಸುಮ್ಮನೆ ಹೋಗುವುದು ಕಡಿಮೆ. ಅದಕ್ಕೊಂದು ಜಂಬ್ರ ಬೇಕು. ಮದುವೆಯ ಚಕ್ಕುಲಿ, ಉಪನಯನದ ಕೋಡುಬಳೆ, ಏನೂ ಇಲ್ಲದಿದ್ದರೆ ಆಟಿಯ ಮಳೆಗೆ ಹಲಸಿನ ಹಪ್ಪಳ ಮತ್ತು ಕಾಯಿಚೂರು. ‘ಕಟಕ್’ ಎಂದ ಮೇಲೆ ನಾಲಗೆ ಆ ಜಾಗ ಬಿಟ್ಟು ಬರುವುದಿಲ್ಲ. ದವಡೆ ಎಲುಬಿಗೆ ಸ್ಕ್ರೂ ಕೂರಿಸಿ ಅದರ ಮೇಲೆ ಹೊಸ ಹಲ್ಲು ನೆಡುವ ‘ಇಂಪ್ಲಾಂಟ್’ ಖರ್ಚು ಸಿಗುತ್ತದೋ ಎಂದು ನೋಡಲು ಮರುದಿನ ಕಪಾಟಿನಿಂದ ಇನ್ಶೂರೆನ್ಸ್ ಫೈಲು ಹೊರಗೆ ಬರುತ್ತದೆ.

ಬಂದ ಹಾಗೆಯೇ ಒಳಗೂ ಹೋಗುತ್ತದೆ. ನಮ್ಮಲ್ಲಿ ಸಾಮಾನ್ಯ ಆರೋಗ್ಯ ಪಾಲಿಸಿಗಳು ಹಲ್ಲಿನ ಚಿಕಿತ್ಸೆಯನ್ನು ಹೊರಗಿಡುತ್ತವೆ, ಅಪಘಾತವಾದರೆ ಮಾತ್ರ ಬೇರೆ ಮಾತು. ಬೈಕಿನಿಂದ ಬಿದ್ದು ದವಡೆ ಒಡೆದರೆ ಅಪಘಾತ. ಚಕ್ಕುಲಿ ಕಡಿದದ್ದು ಭೋಜನ. “ಡಾಕ್ಟ್ರೇ, ಒಂದು ದಿನ ಅಡ್ಮಿಟ್ ಮಾಡ್ಲಿಕ್ಕೆ ಆಗ್ತದಾ?” ಎಂದು ಮೆಲ್ಲಗೆ ಕೇಳುವವರಿದ್ದಾರೆ. “ಅಜ್ಜಾ, ಅರ್ಧ ಗಂಟೆಯ ಕೆಲಸಕ್ಕೆ ಅಡ್ಮಿಟ್ ಎಂತದು?” ಎಂಬುದೇ ಉತ್ತರ. ಒಸಡಿಗೊಂದು ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಮಾಡುವ ಕೆಲಸವದು. ನಿವೃತ್ತ ಮೇಷ್ಟ್ರುಗಳ ಪೆನ್ಶನಿನಿಂದ 2022ರ ಜುಲೈಯಿಂದ ತಿಂಗಳಿಗೆ 500 ರೂಪಾಯಿ ಕಡಿದುಕೊಂಡ ಮೆಡಿಸೆಪ್ ಎಂಬ ಕೇರಳ ಸರಕಾರದ ಆರೋಗ್ಯ ವಿಮೆ ಆಸ್ಪತ್ರೆಯಲ್ಲಿ ಮಲಗುವ ಕಾಯಿಲೆಗಳಿಗೆ. 70 ತುಂಬಿದವರಿಗೆಂದು 2024ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರ ಹೊರಡಿಸಿದ 5 ಲಕ್ಷದ ಆಯುಷ್ಮಾನ್ ಕಾರ್ಡು ಕೂಡ ಹೃದಯ, ಮೊಣಗಂಟುಗಳನ್ನು ನೋಡಿಕೊಳ್ಳುತ್ತದೆ, ಹಲ್ಲು ನೆಡುವುದಿಲ್ಲ.

ಅಲ್ಲಿಗೆ ಕಿಸೆಗೇ ಕೈ. ಕ್ಲಿನಿಕ್ಕಿನಲ್ಲಿ “ಹಲ್ಲಿಗೆ ಇಪ್ಪತ್ತೈದು ಸಾವಿರ” ಎನ್ನುತ್ತಾರೆ. ಯಜಮಾನರು ಮನಸ್ಸಿನಲ್ಲೇ ಚಾಲಿ ಅಡಿಕೆಯ ಧಾರಣೆಯಿಂದ ಭಾಗಿಸಿ ಒಪ್ಪುತ್ತಾರೆ. ಎಡವುವುದು ಇಲ್ಲೇ. ಬೋರ್‌ವೆಲ್ಲಿನವರು ಅಡಿಗಿಷ್ಟು ಎಂದಾಗ ಕೇಸಿಂಗು, ಪಂಪು ಅದರಲ್ಲಿ ಸೇರಿದೆಯೇ ಎಂದು ಕೇಳುವ ಮನುಷ್ಯ, ಹಲ್ಲಿನ ಕುರ್ಚಿಯಲ್ಲಿ ಬಾಯಿ ತೆರೆದ ಮೇಲೆ ಏನೂ ಕೇಳುವುದಿಲ್ಲ. ಆ ಇಪ್ಪತ್ತೈದು ಎಷ್ಟೋ ಸಲ ಎಲುಬಿನೊಳಗೆ ಹೋಗುವ ಟೈಟಾನಿಯಂ ಸ್ಕ್ರೂವಿನದ್ದು ಮಾತ್ರ: ಮೂರೂವರೆಯಿಂದ ಐದು ಮಿಲಿಮೀಟರ್ ದಪ್ಪ, ಎಂಟರಿಂದ ಹದಿಮೂರು ಉದ್ದ. ಅದರ ಮೇಲೆ ಒಸಡಿಗೆ ಆಕಾರ ಕೊಡಲು ಒಂದು ಹೀಲಿಂಗ್ ಕ್ಯಾಪು, ಆಮೇಲೆ ಕಂಬದಂತಹ ಅಬಟ್‌ಮೆಂಟು, ಅದರ ಮೇಲೆ ನಾವು ಹಲ್ಲು ಎಂದು ತಿಳಿದುಕೊಂಡಿರುವ ಕ್ಯಾಪು. ಆ ಕ್ಯಾಪಿನಲ್ಲೂ ಲೋಹದ ಮೇಲೆ ಪಿಂಗಾಣಿ ಹಚ್ಚಿದ್ದಕ್ಕೆ ಒಂದು ದರ, ಜಿರ್ಕೋನಿಯಾಕ್ಕೆ ಇನ್ನೊಂದು. ದವಡೆಯ ಎಲುಬನ್ನು ಎಲ್ಲ ಬದಿಯಿಂದ ತೋರಿಸುವ ಸಿಬಿಸಿಟಿ ಸ್ಕ್ಯಾನು ಬೇರೆ. ಎಲುಬು ಸಾಲದಿದ್ದರೆ ಹಾಕುವ ಬೋನ್ ಗ್ರಾಫ್ಟ್ ಪುಡಿ ಬೇರೆ, ಮೇಲ್ದವಡೆಯ ಹಿಂಬದಿಯಲ್ಲಾದರೆ ಮೂಗಿನ ಪಕ್ಕದ ಗಾಳಿಗೂಡಾದ ಸೈನಸ್ಸಿನ ತಳವನ್ನೇ ಎತ್ತುವ ಕೆಲಸವೂ ಬೇರೆ. ಕ್ಯಾಪು ಕೂರುವ ತನಕದ ಮೊತ್ತವನ್ನು ಬಿಡಿಬಿಡಿಯಾಗಿ ಬರೆಸಿಕೊಳ್ಳಬೇಕು, ಅದೂ ಇಂಜೆಕ್ಷನ್ನಿನ ಮೊದಲು. ಮರಗಟ್ಟಿದ ತುಟಿಯಲ್ಲಿ ಚೌಕಾಸಿ ನಡೆಯುವುದಿಲ್ಲ.

ಮುಂದಿನ ತಿಂಗಳು ಮೊಮ್ಮಗಳ ಮದುವೆ ಎಂದು ಈಗ ಓಡಿದರೂ ಪ್ರಯೋಜನ ಕಡಿಮೆ. ಸ್ವೀಡನ್ನಿನ ಬ್ರೊನೆಮಾರ್ಕ್ ಮೊದಲ ರೋಗಿಗೆ ಟೈಟಾನಿಯಂ ಕೂರಿಸಿದ್ದು 1965ರಲ್ಲಿ; ಎಲುಬು ಅಂದಿನಿಂದಲೂ ತನ್ನ ಹದದಲ್ಲೇ ಬೆಳೆದು ಅದನ್ನು ಅಪ್ಪಿಕೊಳ್ಳುತ್ತದೆ. ಕೆಳದವಡೆಗೆ ಸುಮಾರು ಮೂರು ತಿಂಗಳು, ಮೇಲಿನದ್ದು ಮೆದು ಎಲುಬು, ನಾಲ್ಕರಿಂದ ಆರು. ನಡುವೆ ಮಾನ ಮುಚ್ಚಲು ತೆಗೆದು ಹಾಕುವ ತಾತ್ಕಾಲಿಕ ಹಲ್ಲು ಕೊಡುತ್ತಾರೆ. ಅದು ಕಳೆದುಹೋಗುವ ರೀತಿ ಒಂದೇ: ಪಂಕ್ತಿಯಲ್ಲಿ ಕೂತು, ಪಾಯಸದ ಹೊತ್ತಿಗೆ ಚುಚ್ಚುತ್ತದೆಂದು ತೆಗೆದು, ಪೇಪರಿನಲ್ಲಿ ಸುತ್ತಿ ಎಲೆಯ ತುದಿಯಲ್ಲಿ ಇಡುವುದು. ಎಲೆ ಮಡಚುವವರಿಗೆ ಪೇಪರು ಪೇಪರೇ. ಗೊಬ್ಬರದ ಗುಂಡಿಯಲ್ಲಿ ಟಾರ್ಚು ಹಾಕಿ ಹುಡುಕುವ ಬದಲು ಅಂಗಿಯ ಕಿಸೆಯಲ್ಲಿ ಒಂದು ಸಣ್ಣ ಡಬ್ಬಿ ಇಟ್ಟುಕೊಳ್ಳಿ.

ಶುಗರ್ ಹತೋಟಿಯಲ್ಲಿಲ್ಲದಿದ್ದರೆ ಗಾಯ ಮಾಯುವುದಿಲ್ಲ, ಸ್ಕ್ರೂ ಅಲ್ಲಾಡುತ್ತದೆ. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಮೊದಲೇ ಮಾಡಿಸಿ. ಎಲುಬು ಸವೆತಕ್ಕೆ ವಾರಕ್ಕೊಂದು ಮಾತ್ರೆ ಅಥವಾ ವರ್ಷಕ್ಕೊಂದು ಇಂಜೆಕ್ಷನ್ ಇದ್ದರೆ ಹೇಳಲೇಬೇಕು, ದವಡೆ ಎಲುಬಿನ ಮೇಲೆ ಅದರ ಪರಿಣಾಮ ಉಂಟು. ರಕ್ತ ತೆಳು ಮಾಡುವ ಗುಳಿಗೆಯನ್ನು ತಾವೇ ನಿಲ್ಲಿಸಿ ಬರುವುದು ಶೂರತನವಲ್ಲ. ಇನ್ನು ಅಡಿಕೆ. ಹಲ್ಲಿನ ಬಿಲ್ಲು ಕಟ್ಟುವುದೂ ಅದೇ, ವರ್ಷಗಟ್ಟಲೆ ಜಗಿದರೆ ಕೆನ್ನೆಯ ಒಳಚರ್ಮ ಬಿಗಿದು ಬಾಯಿ ಮುಚ್ಚಿಸುವುದೂ ಅದೇ. ಮೂರು ಬೆರಳು ಅಗಲ ತೆರೆಯದ ಬಾಯಲ್ಲಿ ಹಿಂಬದಿಗೆ ಡ್ರಿಲ್ ಹಿಡಿಯಲು ಜಾಗ ಸಾಲದು.

ಪ್ರತಿ ಸ್ಕ್ರೂವಿನ ಡಬ್ಬಿಯಲ್ಲಿ ಕಂಪೆನಿ, ಅಳತೆ, ಬ್ಯಾಚ್ ನಂಬರಿನ ಸ್ಟಿಕ್ಕರು ಇರುತ್ತದೆ. ಅದನ್ನು ಕೇಳಿ ಪಡೆದು ರೇಶನ್ ಕಾರ್ಡಿನ ಜತೆ ಇಡಿ. ಕಂಪೆನಿಗೊಂದು ಸ್ಕ್ರೂಡ್ರೈವರು, ನಿಮ್ಮ ಡಾಕ್ಟ್ರು ಗಲ್ಫಿಗೆ ಹೋದರೆ ಇಲ್ಲಿಯವರು ಯಾವುದನ್ನು ತಿರುಗಿಸಬೇಕು? ಸಾಧ್ಯವಿದ್ದಲ್ಲಿ ಸಿಮೆಂಟ್ ಹಾಕಿ ಅಂಟಿಸುವ ಕ್ಯಾಪಿಗಿಂತ ಸ್ಕ್ರೂ ಹಾಕಿ ಬಿಗಿಸುವ ಕ್ಯಾಪು ಕೇಳಿ, ಸಡಿಲವಾದರೆ ಬಿಚ್ಚಿ ಬಿಗಿಸಬಹುದು. ಒಸಡಿನಡಿ ಉಳಿದ ಸಿಮೆಂಟು ಕೀವು ಬರಿಸುತ್ತದೆ. ಕಳಚಿದ ಕ್ಯಾಪಿಗೆ ಮನೆಯಲ್ಲಿ ಫೆವಿಕ್ವಿಕ್ ಹಾಕುವವರ ಧೈರ್ಯಕ್ಕೆ ನಮಸ್ಕಾರ, ಬುದ್ಧಿಗಲ್ಲ. ‘ಲೈಫ್‌ಟೈಮ್ ವಾರಂಟಿ’ ಎಂದರೆ ಹೆಚ್ಚಾಗಿ ಸ್ಕ್ರೂ ಹೊಸತು ಸಿಗುತ್ತದೆ, ಹಾಕುವ ಕೂಲಿ, ಕ್ಯಾಪು ಪುನಃ ನಿಮ್ಮದೇ.

ಹಲ್ಲಿಗೊಂದರಂತೆ ನೆಡಬೇಕೆಂದೇನೂ ಇಲ್ಲ. ಸಾಲಾಗಿ ಮೂರು ಹೋಗಿದ್ದರೆ ಎರಡು ಸ್ಕ್ರೂವಿನ ಮೇಲೆ ಮೂರು ಹಲ್ಲಿನ ಸೇತುವೆ ನಿಲ್ಲುತ್ತದೆ. ಕೆಳಗಿನ ಪೂರಾ ಸೆಟ್ಟು ಮಾತಾಡುವಾಗ ಕುಣಿಯುವವರಿಗೆ ಮುಂದೆ ಎರಡು ಸ್ಕ್ರೂ ಹಾಕಿ ಸೆಟ್ಟನ್ನೇ ಗುಂಡಿಯಂತೆ ಒತ್ತಿ ಕೂರಿಸುವ ವ್ಯವಸ್ಥೆ ಸಾಕು. ಒಳಗಿನ ನೈಲಾನ್ ರಿಂಗು ಸವೆದಾಗ ಬದಲಿಸಬೇಕು, ದುಬಾರಿಯಲ್ಲ. ಮೇಲಿನ ಸೆಟ್ಟು ಅಂಗುಳಿಗೆ ತಾನೇ ಅಂಟಿಕೊಳ್ಳುತ್ತದೆ, ಅದಕ್ಕೆ ಖರ್ಚು ಯಾಕೆ? ಬಿಪಿಎಲ್ ಕುಟುಂಬದ 60 ದಾಟಿದವರಿಗೆ ಕೇರಳದ ಸಾಮಾಜಿಕ ನ್ಯಾಯ ಇಲಾಖೆಯ ‘ಮಂದಹಾಸಂ’ನಲ್ಲಿ ಸೆಟ್ಟು ಉಚಿತ. ಹೊತ್ತು ಇದ್ದವರಿಗೆ ದಂತ ಕಾಲೇಜುಗಳಿವೆ: ಮಂಗಳೂರಿನ ಹತ್ತಿರದ ತೊಕ್ಕೊಟ್ಟಿನಲ್ಲಿ ಬಸ್ಸು ಬದಲಿಸಿದರೆ ದೇರಳಕಟ್ಟೆ. ದರ ಇಳಿಯುತ್ತದೆ, ಸರದಿ ಉದ್ದವಾಗುತ್ತದೆ. ಕಲಿಯುವ ಹುಡುಗಿ ಮೂರು ಸಲ ಅಳತೆ ತೆಗೆಯುತ್ತಾಳೆ, ಹಿಂದೆ ನಿಂತ ಪ್ರೊಫೆಸರು ನಾಲ್ಕನೆಯದು ತೆಗೆಸುತ್ತಾರೆ. ಬುತ್ತಿ ಕಟ್ಟಿಕೊಂಡು ಹೋಗಿ, ಮೆದು ಬುತ್ತಿ.

‘ಬಡ್ಡಿಯಿಲ್ಲದ ಕಂತು’ ಎಂದರೆ ಪ್ರೊಸೆಸಿಂಗ್ ಫೀ ಎಷ್ಟು, ರೊಕ್ಕ ಒಟ್ಟಿಗೆ ಕೊಟ್ಟರೆ ಎಷ್ಟು ಇಳಿಸುತ್ತೀರಿ ಎಂದು ಒಟ್ಟಿಗೇ ಕೇಳಿ. ಬಡ್ಡಿ ಎಲ್ಲಿ ಅಡಗಿದೆ ಎಂದು ಆಗ ತಿಳಿಯುತ್ತದೆ. ಆರೋಗ್ಯ ಪಾಲಿಸಿಯೇ ಇಲ್ಲದ ಹಿರಿಯರಿಗೆ ಹಳೆಯ ತೆರಿಗೆ ಪದ್ಧತಿಯಲ್ಲಿ, 80ಡಿ ಎಂದು ಎಲ್ಲರೂ ಕರೆಯುವ ವಿನಾಯಿತಿಯಡಿ, ವರ್ಷಕ್ಕೆ 50,000 ರೂಪಾಯಿವರೆಗಿನ ವೈದ್ಯಕೀಯ ಖರ್ಚು ತೋರಿಸಲು ಅವಕಾಶ ಉಂಟು. ಖರ್ಚು ಮಗನೇ ಕೊಟ್ಟಿದ್ದರೆ ಅವನೂ ತೋರಿಸಬಹುದು. ಚೆಕ್ಕು ಅಥವಾ ಯುಪಿಐ ಆಗಬೇಕು, ನಗದು ನಡೆಯದು. “ಕ್ಯಾಶ್ ಆದ್ರೆ ಎರಡು ಸಾವಿರ ಬಿಡ್ತೇವೆ” ಎಂದು ಕ್ಲಿನಿಕ್ಕಿನಲ್ಲಿ ಹೇಳಿದರೆ ಕ್ಯಾಲ್ಕುಲೇಟರ್ ತೆಗೆಯಿರಿ.