ಒಂದೂಮುಕ್ಕಾಲು ಗಂಟೆಯ ಸೇವೆ

"ಒಂದೂಮುಕ್ಕಾಲು ಗಂಟೆಯನ್ನು ಎರಡು ಎಂದು ಬರೆಯಬಹುದೇ ಸರ್?" ಎಂದು ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದಳು. ದನಿಯಲ್ಲಿ ಮೋಸದ ಸುಳಿವೇ ಇರಲಿಲ್ಲ. ಮುಕ್ಕಾಲನ್ನು ಮೇಲಕ್ಕೆ ಏರಿಸುವ ನಿಯಮ ಗಣಿತದಲ್ಲಿದೆ, ಇಲ್ಲಿಯೂ ಇದೆಯೋ ಎಂಬ ಕುತೂಹಲವಷ್ಟೇ. ಆದರೂ ನನಗೆ ಸಿಟ್ಟು ಬಂತು. ಹುಡುಗಿಯ ಮೇಲಲ್ಲ, ಅವಳ ಕೈಯಲ್ಲಿದ್ದ ಫಾರ್ಮಿನ ಮೇಲೆ. ದಿನಾಂಕ, ಕೆಲಸದ ವಿವರ, ಗಂಟೆ, ಮೇಲ್ವಿಚಾರಕರ ಸಹಿ.

ಮೇಲ್ವಿಚಾರಕ ಎಂದರೆ ನಾನು. ವೃದ್ಧಾಶ್ರಮಕ್ಕೆ ಸೇವೆಗೆಂದು ಬರುವ ಹೈಸ್ಕೂಲು ಮಕ್ಕಳ ಕಾಗದಗಳಿಗೆ ಯಾರು ಸಹಿ ಹಾಕಬೇಕು ಎಂಬ ಪ್ರಶ್ನೆ ಎದ್ದ ದಿನ, ಅಲ್ಲಿ ಸೇರಿದ್ದವರಲ್ಲಿ ನನ್ನ ಜೇಬಿನಲ್ಲಿ ಮಾತ್ರ ಪೆನ್ನಿತ್ತು. ಅಧಿಕಾರ ಹೀಗೂ ಬರುತ್ತದೆ.

ಫಾರ್ಮಿನ ಕೊನೆಯಲ್ಲಿ ಸಣ್ಣ ಅಕ್ಷರಗಳಲ್ಲಿ ಒಂದು ಸಾಲಿದೆ: ಪ್ರಯಾಣದ ಸಮಯವನ್ನು ಸೇರಿಸಬಾರದು. ಇದನ್ನು ಬರೆದ ಪುಣ್ಯಾತ್ಮರು ಬಸ್ಸಿನಲ್ಲಿ ಓಡಾಡುವವರಲ್ಲ ಎಂದು ನಾನು ಆಣೆ ಇಟ್ಟು ಹೇಳಬಲ್ಲೆ. ಶಾಲೆ ಮುಗಿಸಿ, ಹೆಗಲಿಗೆ ಪುಸ್ತಕದ ಚೀಲ ತಗುಲಿಸಿಕೊಂಡು, ಒಂದು ಕೈಯಲ್ಲಿ ಕಂಬಿ ಇನ್ನೊಂದರಲ್ಲಿ ಸೋಮವಾರದ ಪರೀಕ್ಷೆಯ ಸೂತ್ರಗಳ ಚೀಟಿ ಹಿಡಿದು, ನಿಂತೇ ಬಂದು ನಿಂತೇ ಹೋಗುವ ಮಗುವಿಗೆ ಆ ದಿನದ ಅತಿ ಕಷ್ಟದ ಕೆಲಸ ಆ ಪ್ರಯಾಣವೇ. ಇಲ್ಲಿ ತಲುಪಿದ ಮೇಲೆ ಕೂರಲು ಕುರ್ಚಿಯಾದರೂ ಸಿಗುತ್ತದೆ. ಕುಳಿತದ್ದು ಲೆಕ್ಕಕ್ಕೆ ಬರುತ್ತದೆ, ನಿಂತದ್ದು ಬರುವುದಿಲ್ಲ.

ಗಂಟೆ ಎಣಿಸುವ ಹುಚ್ಚು ನಮ್ಮೊಬ್ಬರದೇ ಅಲ್ಲ. ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ಹೈಸ್ಕೂಲು ದಾಟಲು 40 ಗಂಟೆ ಸಮುದಾಯದ ಕೆಲಸ ಮಾಡಿರಬೇಕು. ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಲೆಕ್ಕ 75. ಅದೇ ದೇಶದ ಪೆನ್ಸಿಲ್ವೇನಿಯಾದಲ್ಲಿರುವ ಬೆತ್ಲೆಹೆಮ್ ಎಂಬಲ್ಲಿ 60 ಗಂಟೆ ಕಡ್ಡಾಯವೆಂದಾಗ ಕೆಲವು ವಿದ್ಯಾರ್ಥಿಗಳೂ ಪೋಷಕರೂ ನ್ಯಾಯಾಲಯದ ಮೆಟ್ಟಿಲೇರಿದರು. ಗುಲಾಮಗಿರಿಯನ್ನು ತೊಡೆದುಹಾಕಿದ 1865ರ ಸಂವಿಧಾನ ತಿದ್ದುಪಡಿಗೆ ಇದು ವಿರುದ್ಧ ಎಂಬುದು ಅವರ ವಾದಗಳಲ್ಲೊಂದು. 1993ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ನ್ಯಾಯಾಧೀಶರು ಹೇಳಿದ್ದೇ ಸರಿಯಿರಬೇಕು. ಆದರೆ ಭಾನುವಾರ ಬೆಳಗಿನ ಆರು ಗಂಟೆಗೆ ಹದಿನೈದು ವರ್ಷದ ಮಗನ ಹೊದಿಕೆ ಎಳೆದು "ಏಳು, ಸ್ವಯಂಪ್ರೇರಣೆಯಿಂದ ಸೇವೆಗೆ ಹೋಗು" ಎನ್ನುವ ತಾಯಿಯನ್ನು ಕಂಡಾಗ ನನಗೆ ಸೋತ ಪಕ್ಷದವರ ಮೇಲೆ ಸ್ವಲ್ಪ ಮರುಕ ಹುಟ್ಟುತ್ತದೆ.

ಉಸಿರಾಡಲು ಪುರುಸೊತ್ತಿಲ್ಲದ ಈ ಮಕ್ಕಳು ಸೇವೆಗೆ ಸಮಯ ಹೊಂದಿಸಿಕೊಳ್ಳುವುದು ಹೇಗೆ ಎಂಬುದರ ಬಗ್ಗೆ ನಾಲ್ಕು ಉಪಯುಕ್ತ ಮಾತು ಹೇಳಬೇಕೆಂದೇ ಬರೆಯಲು ಕುಳಿತದ್ದು. ಅದಕ್ಕೂ ಮೊದಲು ಮೂಲೆಕೋಣೆಯ ತಾತನ ವಿಷಯ ಹೇಳಿ ಮುಗಿಸುತ್ತೇನೆ. ಚಿಕ್ಕದು.

ತಾತ ಬದುಕಿನುದ್ದಕ್ಕೂ ದೂರವಾಣಿ ತಂತಿಗಳ ನಡುವೆ ಕೆಲಸ ಮಾಡಿದವರು. ಆಶ್ರಮದಲ್ಲಿ ಯಾರ ಮೊಬೈಲು ಮೂಗುಮುರಿದರೂ ಅವರ ಕೋಣೆಗೇ ಹೋಗುತ್ತದೆ. ಹೀಗಿರುವಾಗ ಮಕ್ಕಳು "ಹಿರಿಯರಿಗೆ ಮೊಬೈಲ್ ಕಲಿಸುವ ಯೋಜನೆ" ಹಿಡಿದುಕೊಂಡು ಬಂದರು. ಕಲಿಯುವವರು ಯಾರು? ಒಬ್ಬರಿಗೆ ಕಣ್ಣು ಕಾಣದು, ಇನ್ನೊಬ್ಬರಿಗೆ ಆಸಕ್ತಿಯಿಲ್ಲ, ಮತ್ತೊಬ್ಬರು ಮಧ್ಯಾಹ್ನದ ನಿದ್ದೆಯನ್ನು ಯಾವ ಯೋಜನೆಗೂ ಬಿಟ್ಟುಕೊಡುವವರಲ್ಲ. ಮಕ್ಕಳು ಖಾಲಿ ಫಾರ್ಮು ಹಿಡಿದು ಅಂಗಳದಲ್ಲಿ ನಿಂತಿದ್ದನ್ನು ನೋಡಿ ತಾತ ಕೈ ಎತ್ತಿದರು. "ನನಗೆ ಏನೂ ಗೊತ್ತಿಲ್ಲ ಮಗು, ಹೇಳಿಕೊಡು."

ಅಂದಿನಿಂದ ಅವರು ಕಲಿಯುತ್ತಲೇ ಇದ್ದಾರೆ. ಸಂದೇಶ ಕಳುಹಿಸುವುದನ್ನು ಎಷ್ಟು ಮಕ್ಕಳಿಂದ ಹೊಸದಾಗಿ ಕಲಿತರೋ ಅವರಿಗೇ ನೆನಪಿಲ್ಲ. ಅವರ ಅಜ್ಞಾನದಲ್ಲಿ ದರ್ಜೆಗಳಿವೆ. ಮಾತೇ ಆಡದ ಅಂಜುಬುರುಕ ಹುಡುಗ ಬಂದರೆ ಮೊಬೈಲನ್ನು ತಲೆಕೆಳಗಾಗಿ ಹಿಡಿದು ಕೂರುತ್ತಾರೆ. ಅದನ್ನು ತಿರುಗಿಸಿ ಕೊಡುವಷ್ಟರಲ್ಲಿ ಹುಡುಗನಿಗೆ ಧೈರ್ಯ ಬಂದಿರುತ್ತದೆ. ಎಲ್ಲ ಬಲ್ಲೆನೆಂಬ ಠೀವಿಯವನು ಬಂದರೆ ಪೂರ್ತಿ ಪಾಠ ಕೇಳಿಸಿಕೊಂಡು, "ಅದೆಲ್ಲ ಸರಿ, ನಾನು ಒತ್ತಿದ ಮೇಲೆ ಆ ಮಾತು ಗೋಪುರ ಬಿಟ್ಟು ಇನ್ನೆಲ್ಲೆಲ್ಲಿ ಹೋಗುತ್ತದೆ?" ಎಂದು ಒಂದೇ ಪ್ರಶ್ನೆ ಕೇಳುತ್ತಾರೆ. ಆ ಹುಡುಗ ಮುಂದಿನ ವಾರ ಓದಿಕೊಂಡು ಬಂದ. ತಾತ ಮೂರು ಕಡೆ ತಿದ್ದಬೇಕೆಂದು ಒದ್ದಾಡಿ, ತುಟಿ ಕಚ್ಚಿಕೊಂಡು, "ಹೌದೇ!" ಎಂದರು. ಆ "ಹೌದೇ" ಹೇಳಲು ಅವರಿಗೆ ಎಷ್ಟು ಕಷ್ಟವಾಯಿತೆಂಬುದನ್ನು ಪಕ್ಕದಲ್ಲೇ ಕುಳಿತಿದ್ದ ನಾನು ಕಂಡಿದ್ದೇನೆ. ಒಬ್ಬ ಹುಡುಗ ಪರೀಕ್ಷೆಗೆ ಓದಿ ಓದಿ ಸೋತು ಬಂದವನು ಪಾಠ ಹೇಳುತ್ತಲೇ ನಿದ್ದೆ ಹೋದ. ತಾತ ಫ್ಯಾನಿನ ವೇಗ ಹೆಚ್ಚಿಸಿದರು. ಎದ್ದ ಮೇಲೆ ಹುಡುಗ ಗಾಬರಿಯಿಂದ ಫಾರ್ಮು ನೀಡಿದಾಗ, ಕೆಲಸದ ವಿವರದ ಅಂಕಣದಲ್ಲಿ ತಾವೇ "ಹಿರಿಯರೊಂದಿಗೆ ಸಮಯ ಕಳೆದದ್ದು" ಎಂದು ಬರೆದು ನನ್ನ ಕಡೆಗೆ ತಳ್ಳಿದರು. ಸಹಿ ಹಾಕಿದೆ. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಒಮ್ಮೆ ಮಾತ್ರ ಗುಟ್ಟು ಬಯಲಾಯಿತು. ಹುಡುಗಿಯೊಬ್ಬಳು ಹೇಳಿದ ಸಮಯಕ್ಕಿಂತ ಮೊದಲೇ ಬಂದಳು. ತಾತ ಯಾರದೋ ಮೊಬೈಲನ್ನು ಬಿಚ್ಚಿ ಬಿಡಿಭಾಗಗಳನ್ನು ಬಟ್ಟೆಯ ಮೇಲೆ ಹರಡಿಕೊಂಡು, ತಮ್ಮ ಮೊಬೈಲಿನ ವೀಡಿಯೊ ಕರೆಯಲ್ಲಿ ದೂರದೇಶದ ಮೊಮ್ಮಗನಿಗೆ ಯಾವ ಗುಂಡಿ ಒತ್ತಬೇಕೆಂದು ಗದರುತ್ತಿದ್ದರು. ಹುಡುಗಿ ಬಾಗಿಲಲ್ಲಿ ನಿಂತು ನೋಡಿದಳು. ತಾತನೂ ನೋಡಿದರು. ಆಮೇಲೆ ಅವಳು ಒಳಗೆ ಬಂದು, ಚೀಲ ಇಳಿಸಿ, "ಇವತ್ತು ಫೋಟೋ ಕಳುಹಿಸುವುದು ಹೇಗೆಂದು ಕಲಿಯೋಣ ತಾತ" ಎಂದಳು. ಅವರು ಒಳ್ಳೆಯ ವಿದ್ಯಾರ್ಥಿಯಂತೆ ನೆಟ್ಟಗೆ ಕುಳಿತರು. ಒಂದೂಮುಕ್ಕಾಲು ಗಂಟೆಯ ಪ್ರಶ್ನೆ ಕೇಳಿದವಳು ಇವಳೇ.

"ಪಾಪ, ಅವರಿಗೆ ಬಿಡುವಿಲ್ಲ, ನನಗೆ ಇದೆ. ನನ್ನ ಕೈಲಾದ ಸಹಾಯ" ಎಂಬುದು ತಾತನ ಸಮರ್ಥನೆ. ಹಾಗಾದರೆ ಗಂಟೆಗಳನ್ನು ಯಾರ ಹೆಸರಿನಲ್ಲಿ ಬರೆಯಬೇಕು ಎಂದು ಕೇಳಿದೆ. ನನಗೆ ಫಾರ್ಮು ಬೇಡ, ನಾನು ಯಾವ ಕಾಲೇಜಿಗೂ ಸೇರುತ್ತಿಲ್ಲ ಎಂದರು.

ಪ್ರಮಾಣಪತ್ರದ ವಿಷಯಕ್ಕೆ ಬಂದರೆ ನನ್ನ ನಾಲಿಗೆ ಕೊಂಚ ಒರಟಾಗುತ್ತದೆ. 1973ರಲ್ಲಿ ಪ್ರಕಟವಾದ ಒಂದು ಪ್ರಯೋಗವಿದೆ. ಅಮೆರಿಕದ ಸ್ಟ್ಯಾನ್‌ಫರ್ಡಿನ ಶಿಶುವಿಹಾರವೊಂದರಲ್ಲಿ, ಚಿತ್ರ ಬಿಡಿಸುವುದೆಂದರೆ ಮೊದಲೇ ಪ್ರಾಣವಾಗಿದ್ದ ಮಕ್ಕಳಲ್ಲಿ ಕೆಲವರಿಗೆ "ಬಿಡಿಸಿದರೆ ಪ್ರಶಸ್ತಿಪತ್ರ ಕೊಡುತ್ತೇವೆ" ಎಂದರು. ಬಂಗಾರದ ಬಣ್ಣದ ನಕ್ಷತ್ರ, ಕೆಂಪು ರಿಬ್ಬನ್ನು, ಎಲ್ಲ ಇತ್ತು. ಮಕ್ಕಳು ಬಿಡಿಸಿದರು, ಪತ್ರ ಪಡೆದರು. ಕೆಲದಿನಗಳ ಮೇಲೆ ಬಣ್ಣಗಳನ್ನು ಸುಮ್ಮನೆ ಮುಂದಿಟ್ಟಾಗ, ಪತ್ರದ ಆಸೆಗೆ ಬಿಡಿಸಿದ್ದ ಮಕ್ಕಳೇ ಉಳಿದವರಿಗಿಂತ ಕಡಿಮೆ ಹೊತ್ತು ಅದರತ್ತ ಸುಳಿದರು. ಹೇಳದೆ ಕೊಟ್ಟ ಪತ್ರ ಅಂಥ ಹಾನಿ ಮಾಡಲಿಲ್ಲ. ಇದನ್ನು ಒಂದು ಸಭೆಯಲ್ಲಿ ವಿವರಿಸಿದೆ. ಎಲ್ಲರೂ ಮೆಚ್ಚಿ ತಲೆದೂಗಿದರು. ಕೊನೆಯಲ್ಲಿ ನನಗೊಂದು ಪ್ರಶಸ್ತಿಪತ್ರ ಕೊಟ್ಟು ಫೋಟೋ ತೆಗೆದರು.

ಅದಿರಲಿ, ಫಾರ್ಮನ್ನು ಹರಿದೆಸೆಯಿರಿ ಎನ್ನಲು ಹೊರಟಾಗಲೆಲ್ಲ ಒಂದು ತೊಡಕು ಎದುರಾಗುತ್ತದೆ. ಎಂಟನೆಯ ತರಗತಿಯಿಂದ ಒಬ್ಬ ಹುಡುಗ ಬರುತ್ತಾನೆ. ಅವನಿಗೆ ಬೇಕಾದ ಗಂಟೆಗಳು ಎಂದೋ ತುಂಬಿವೆ. ಆದರೂ ಪ್ರತಿ ಬಾರಿ ಖಾಲಿ ಫಾರ್ಮು ತರುತ್ತಾನೆ, ಸಹಿ ಕೇಳುತ್ತಾನೆ. ಇದೇಕೆ ಎಂದರೆ, "ಫಾರ್ಮು ತೋರಿಸದಿದ್ದರೆ ಮನೆಯಲ್ಲಿ ಬಿಡುವುದಿಲ್ಲ ಸರ್, ಓದು ಎನ್ನುತ್ತಾರೆ" ಎಂದ. ಅಜ್ಜಂದಿರೊಡನೆ ಚದುರಂಗ ಆಡಲು ಹೋಗುತ್ತೇನೆ ಎಂದರೆ ಸೋಮಾರಿ. ಸಮುದಾಯ ಸೇವೆಗೆ ಹೋಗುತ್ತೇನೆ ಎಂದರೆ ಭವಿಷ್ಯದ ನಾಯಕ. ಅವನ ಕಾಗದಕ್ಕೆ ನಾನು ಸಹಿಯ ಜೊತೆಗೆ ಮೊಹರನ್ನೂ ಒತ್ತುತ್ತೇನೆ.

ವಿಶ್ವಸಂಸ್ಥೆ ಡಿಸೆಂಬರ್ 5ನ್ನು ಸ್ವಯಂಸೇವಕರ ದಿನವೆಂದು 1985ರಲ್ಲೇ ಗೊತ್ತುಮಾಡಿದೆ. ಆ ದಿನ ನಮ್ಮಲ್ಲಿ ಬ್ಯಾನರು ಕಟ್ಟುತ್ತಾರೆ, ಒಂದೇ ಸಸಿಯನ್ನು ಹದಿನಾಲ್ಕು ಕೈಗಳು ಹಿಡಿದುಕೊಂಡ ಫೋಟೋ ತೆಗೆಯುತ್ತಾರೆ, ನೀರು ಹಾಕುವ ವಿಷಯದಲ್ಲಿ ಯಾರೂ ದುಡುಕುವುದಿಲ್ಲ. ಸಮಯ ಹೊಂದಿಸಿಕೊಳ್ಳುವ ಬಗ್ಗೆ ಮಕ್ಕಳಿಗೆ ಉಪನ್ಯಾಸವೂ ಇರುತ್ತದೆ, ಭಾಷಣಕಾರರು ತಡವಾಗಿ ಬರುತ್ತಾರೆ.

ಸಮಯದ ಮಾತು ಬಂತೆಂದು ನೆನಪಾಯಿತು. ಕಳೆದ ತಿಂಗಳು ಒಬ್ಬ ತಂದೆ ಫಾರ್ಮು ಹಿಡಿದು ಬಂದರು. ಮಗನಿಗೆ ಪರೀಕ್ಷೆ ಹತ್ತಿರವಾಗಿದೆ, ಅವನ ಬದಲು ತಾವು ಬಂದು ಗಂಟೆ ತುಂಬಿಸಬಹುದೇ ಎಂದು ಕೇಳಿದರು. ಬೈಯಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅವರು ಪೊರಕೆ ಹಿಡಿದಾಗಿತ್ತು. ಆಮೇಲೆ ಪತ್ರಿಕೆ ಓದಿ ಹೇಳಿದರು, ಇಬ್ಬರ ಉಗುರು ಕತ್ತರಿಸಿದರು, ತಾತನಿಂದ ತಮ್ಮ ಮೊಬೈಲನ್ನು ಸರಿ ಮಾಡಿಸಿಕೊಂಡರು. ಮಗನ ಪರೀಕ್ಷೆ ಮುಗಿದು ಫಲಿತಾಂಶವೂ ಬಂದಾಯಿತು. ಅವರು ಬರುವುದನ್ನು ನಿಲ್ಲಿಸಿಲ್ಲ, ಮಗ ಬರಲು ಶುರುಮಾಡಿಲ್ಲ. ಫಾರ್ಮು ಇನ್ನೂ ನನ್ನ ಮೇಜಿನ ಮೇಲಿದೆ. ವಿದ್ಯಾರ್ಥಿಯ ತರಗತಿ ಎಂಬ ಅಂಕಣದಲ್ಲಿ ಏನು ಬರೆಯಬೇಕೆಂದು ತಾತನನ್ನು ಕೇಳಿದ್ದೇನೆ. ಮುಕ್ಕಾಲು ಗಂಟೆ ಕೊಡು, ಯೋಚಿಸಿ ಹೇಳುತ್ತೇನೆ ಎಂದಿದ್ದಾರೆ.