ಹಳಿ ಇಲ್ಲದ ಜಿಲ್ಲೆಗೆ ಸುರಂಗದ ಕರೆಂಟು

ಕೊಡಗಿನಲ್ಲಿ ರೈಲು ಹಳಿಯೇ ಇಲ್ಲ. ಆದ್ದರಿಂದ 'ಮೊದಲು ಸುರಂಗ, ಹಳಿ ಆಮೇಲೆ' ಎಂಬ ಭರವಸೆ ಯಾವುದಾದರೊಂದು ಚುನಾವಣೆಯಲ್ಲಿ ಬಂದೇ ಬರುತ್ತದೆ. ಅದಕ್ಕೆ ಕರೆಂಟು ಕೊಡುವ ಯೋಜನೆಯನ್ನು ನಮ್ಮ ಪದ್ಧತಿಯಂತೆ ಈಗಲೇ ಹಾಕಿಟ್ಟುಕೊಳ್ಳುವುದು ಕ್ಷೇಮ.

ಉದ್ದದ ಸುರಂಗಕ್ಕೆ ಎರಡು ಬೇರೆ ಗ್ರಿಡ್ ಸ್ಟೇಷನ್‌ಗಳಿಂದ, ಬೇರೆ ಬೇರೆ ದಾರಿ ಹಿಡಿದು, ಎರಡೂ ಬಾಯಿಗೆ ಒಂದೊಂದು ಲೈನ್ ಬರಬೇಕು. ಒಂದು ಹೋದರೆ ಇನ್ನೊಂದು ಪೂರ್ತಿ ಲೋಡ್ ಎಳೆಯಬೇಕು. ನಮ್ಮಲ್ಲೂ ಎರಡು ಲೈನ್ ಬರುತ್ತವೆ, ಒಂದೇ ಸಾಲು ಕಂಬಗಳ ಮೇಲೆ, ಒಂದೇ ಸಿಲ್ವರ್ ಓಕ್‌ನ ಪಕ್ಕದಲ್ಲಿ. ಜುಲೈ ಗಾಳಿಗೆ ಮರ ಉರುಳಿದರೆ ಎರಡೂ ಜೊತೆಗೇ ಮಲಗುತ್ತವೆ. ಕಡತದಲ್ಲಿ ಮಾತ್ರ 'ಎರಡನೇ ಮೂಲ ಲಭ್ಯವಿದೆ'.

ಎಂಜಿನ್ ಓಡುವುದು 25 ಕಿಲೊವೋಲ್ಟ್, 50 ಹರ್ಟ್ಸ್ ತಂತಿಯಿಂದ. ಅಕ್ಕಪಕ್ಕದ ಸಬ್‌ಸ್ಟೇಷನ್‌ಗಳ ಫೇಸ್ (ಗ್ರಿಡ್‌ನ ಮೂರು ತಂತಿಗಳಲ್ಲಿ ಯಾವುದರಿಂದ ಕರೆಂಟು ಬರುತ್ತದೆ ಎಂಬುದು) ಬೇರೆಯಾಗಿದ್ದು, ಒಂದಕ್ಕೊಂದು ತಾಗಬಾರದಾದ್ದರಿಂದ ನಡುವೆ ಕರೆಂಟಿಲ್ಲದ ನ್ಯೂಟ್ರಲ್ ಸೆಕ್ಷನ್ ಬಿಡುತ್ತಾರೆ. ಚಾಲಕ ಎಂಜಿನ್ನಿನ ಬ್ರೇಕರ್ (ಕರೆಂಟು ಕಡಿಯುವ ದೊಡ್ಡ ಸ್ವಿಚ್) ಆಫ್ ಮಾಡಿ, ಬಂದ ವೇಗದಲ್ಲೇ ಅದನ್ನು ದಾಟಬೇಕು. ಅಲ್ಲೇ ನಿಂತರೆ ಸ್ವಂತ ಬಲದಿಂದ ಹೊರಡಲಾಗದು. ಅದಕ್ಕೇ ಏರಿನಲ್ಲಿ, ಸುರಂಗದೊಳಗೆ ಅದನ್ನು ಇಡುವುದನ್ನು ತಪ್ಪಿಸುತ್ತಾರೆ. ಆದರೆ ಜಿಲ್ಲೆಗಿರುವುದು ಮಡಿಕೇರಿ, ವಿರಾಜಪೇಟೆ ಎಂಬ ಎರಡೇ ವಿಧಾನಸಭಾ ಕ್ಷೇತ್ರ, ಯಾರಿಗೂ ಅನ್ಯಾಯವಾಗಬಾರದಲ್ಲ! ಸರಿಯಾಗಿ ಗಡಿಯ ಕೆಳಗೆ, ಸುರಂಗದ ಮಧ್ಯೆ, ಕಡಿದಾದ ಏರಿನಲ್ಲಿ ಇಟ್ಟರೆ ಇಬ್ಬರಿಗೂ ಸಮಪಾಲು. ನಿಂತ ರೈಲನ್ನು ತಳ್ಳಲು ಬರುವ ಎಂಜಿನ್ ಯಾವ ಕ್ಷೇತ್ರದ್ದೆಂಬುದು ಮುಂದಿನ ಸಭೆಯ ವಿಷಯ.

ರಕ್ಷಣೆಯ ವಿಷಯದಲ್ಲಂತೂ ನಮ್ಮ ಅನುಭವ ದೊಡ್ಡದು. ಬಂಡೆಯಿಂದ ಒಸರುವ ನೀರು ತಂತಿಯನ್ನು ಹಿಡಿದಿರುವ, ಧೂಳು ಹಿಡಿದ ಇನ್ಸುಲೇಟರ್ ಮೇಲೆ ಬಿದ್ದು ಕಿಡಿ ಹಾರಿ ಕರೆಂಟು ಸೋರಿದರೆ, ಲೈನ್ ಕಾಯುವ ಡಿಸ್ಟೆನ್ಸ್ ರಿಲೇ ಎಂಬ ಉಪಕರಣ ದೋಷ ಗುರುತಿಸಿ ಬ್ರೇಕರ್ ಬೀಳಿಸುತ್ತದೆ. ಮತ್ತೆ ಹಾಕಿದಾಗಲೂ ಬಿದ್ದರೆ ನಿಲ್ಲಿಸಿ ಹುಡುಕಬೇಕು. 'ಇನ್ನೊಂದು ಸಲ ಹಾಕಿ ನೋಡಿ ಮಾರಾಯ್ರೆ' ಎಂಬ ಸೂತ್ರದಲ್ಲಿ ಇನ್ಸುಲೇಟರ್ ಒಡೆಯುವವರೆಗೂ ಹಾಕಬಹುದು. ಸುರಂಗದ ಗಾಳಿ ಫ್ಯಾನ್‌ಗಳ ಪ್ಯಾನೆಲ್‌ನ ಫ್ಯೂಸ್ ಪದೇ ಪದೇ ಹೋಗುತ್ತದೆಂದು ದಪ್ಪ ತಾಮ್ರದ ತಂತಿ ಸುತ್ತಿದರೆ ಇನ್ನೂ ಸೊಗಸು: ಒಂದು ಮೋಟಾರ್‌ನ ಶಾರ್ಟ್‌ಗೆ ಫ್ಯೂಸ್ ಸುಮ್ಮನಿರುತ್ತದೆ, ಮೇಲಿನ ಮುಖ್ಯ ಬ್ರೇಕರ್ ಬೀಳುತ್ತದೆ, ಸುರಂಗವೆಲ್ಲ ಕತ್ತಲು.

ದೋಷದ ಕರೆಂಟನ್ನು ನೆಲಕ್ಕಿಳಿಸಲು ಗಟ್ಟಿ ಬಂಡೆಯಲ್ಲಿ ಒಂದೆರಡು ಅರ್ತ್ ಗುಂಡಿ ಸಾಲುವುದಿಲ್ಲ. ಉದ್ದಕ್ಕೂ ಅರ್ತ್ ತಂತಿ ಎಳೆದು ಹಳಿ, ಪೈಪು, ಕೇಬಲ್ ಟ್ರೇ ಎಲ್ಲವನ್ನೂ ಅದಕ್ಕೆ ಸೇರಿಸಬೇಕು. ಅಷ್ಟೆಲ್ಲ ಯಾಕೆ? ಗುಂಡಿಗೆ ಉಪ್ಪು, ಇದ್ದಿಲು, ಅರ್ತ್‌ನ ರೋಧ ಅಳೆಯುವ ಮುನ್ನ ನಾಲ್ಕು ಕೊಡ ನೀರು. ಮೀಟರ್ ಒಳ್ಳೆಯ ಅಂಕಿಯನ್ನೇ ತೋರಿಸುತ್ತದೆ. ಅಳತೆಗೆ ಆಷಾಢವೇ ಶುಭ ಮಾಸ.

ಬ್ಯಾಟರಿಗಳು ತುರ್ತು ದೀಪ ಉರಿಸಬಲ್ಲವು, ಹೊಗೆ ತಳ್ಳುವ ಜೆಟ್ ಫ್ಯಾನ್ ತಿರುಗಿಸಲಾರವು. ಅದಕ್ಕೆ ಡೀಸೆಲ್ ಜನರೇಟರ್ ಬೇಕು. ಅದು ಇರುತ್ತದೆ, ಸ್ಟಾರ್ಟಿಂಗ್ ಬ್ಯಾಟರಿ ಸತ್ತಿರುತ್ತದೆ. ಬೆಂಕಿಯಲ್ಲೂ ಕೆಲಸ ಮಾಡುವ ಕೇಬಲ್ ದುಬಾರಿಯೆಂದು ಎಳೆದ ಪಿವಿಸಿ ಕೇಬಲ್ ಮಾತ್ರ ತಪ್ಪದೆ ಹೊಗೆ ಕೊಡುತ್ತದೆ.

ಉದ್ಘಾಟನೆಯ ದಿನ ಶಾಮಿಯಾನದವರು ತರುವ ಜನರೇಟರ್ ಒಂದೇ ಏಟಿಗೆ ಸ್ಟಾರ್ಟ್ ಆಗುತ್ತದೆ. ಅದನ್ನು ಮೂರನೇ ಮೂಲವೆಂದು ಕಡತಕ್ಕೆ ಸೇರಿಸಿ, ಬಾಡಿಗೆ ಬಿಲ್ಲನ್ನು ಅನುಬಂಧದಲ್ಲಿ ಲಗತ್ತಿಸುವುದು.