ಮೂರು ಶಿಫ್ಟಿನ ಊರು

ಭದ್ರಾವತಿಯಲ್ಲಿ ಹಗಲು ಹನ್ನೊಂದು ಗಂಟೆಗೆ ಗಂಡಸೊಬ್ಬ ಮುಸುಕೆಳೆದು ಮಲಗಿದ್ದರೆ ಅವನನ್ನು ಸೋಮಾರಿ ಎನ್ನುವ ಧೈರ್ಯ ಯಾರಿಗೂ ಇರಲಿಲ್ಲ. ಬೇರೆ ಊರಾಗಿದ್ದರೆ ನೆಂಟರು ಕಾಯಿಲೆಯೋ ಕುಡಿತವೋ ಎಂದು ಲೆಕ್ಕ ಹಾಕುತ್ತಿದ್ದರು. ಇಲ್ಲಿ ಬಂದವರು ಚಪ್ಪಲಿ ಸದ್ದಾಗದಂತೆ ಬಿಟ್ಟು, ದನಿ ತಗ್ಗಿಸಿ, "ನೈಟ್ ಶಿಫ್ಟಾ?" ಎಂದಷ್ಟೇ ಕೇಳಿ, ಹಿತ್ತಿಲ ಕಡೆಗೆ ಹೋಗಿ ಕೂತು ಮಾತಾಡುತ್ತಿದ್ದರು. ಕ್ವಾರ್ಟರ್ಸಿನ ಮಕ್ಕಳಿಗೆ ಅಆಇಈಗಿಂತ ಮೊದಲು ಬರುತ್ತಿದ್ದ ಪಾಠ, ಯಾವ ಮನೆಯ ಮುಂದೆ ಯಾವ ವಾರ ಚಿನ್ನಿದಾಂಡು ಆಡಬಾರದು ಎಂಬುದು.

ಇದಕ್ಕೆಲ್ಲ ಕಾರಣ ಕಬ್ಬಿಣದ ಕಾರ್ಖಾನೆಯ ಫರ್ನೇಸು, ಅಂದರೆ ಅದಿರು ಕರಗಿಸುವ ಕುಲುಮೆ. ಅಡುಗೆ ಮುಗಿದ ಮೇಲೆ ನೀರು ಚಿಮುಕಿಸಿ ಆರಿಸುವ ಒಲೆಯಲ್ಲ ಅದು. ಒಮ್ಮೆ ಹೊತ್ತಿಸಿದರೆ ಮೇಲಿನಿಂದ ಅದಿರು, ಇದ್ದಿಲು, ಸುಣ್ಣದಕಲ್ಲು ಸುರಿಯುತ್ತಲೇ ಇರಬೇಕು, ಕೆಳಗಿನಿಂದ ಬಿಸಿಗಾಳಿ ಊದುತ್ತಲೇ ಇರಬೇಕು. ಏಕಾದಶಿ ಬಂತು, ಗ್ರಹಣ ಹಿಡಿಯಿತು ಎಂದು ಬಿಟ್ಟರೆ ಒಳಗೆ ಕರಗಿದ ಕಬ್ಬಿಣವೂ ಕಿಟ್ಟವೂ ಸೇರಿ ಗಡ್ಡೆ ಕಟ್ಟುತ್ತವೆ. ಆಮೇಲೆ ಅದನ್ನು ಒಡೆದು ತೆಗೆಯುವ ಪಾಡು ಯಾರಿಗೂ ಬೇಡ. ಹೀಗಾಗಿ 1923ರಲ್ಲಿ ಕುಲುಮೆಗೆ ಬೆಂಕಿ ಬಿದ್ದಂದಿನಿಂದ, ಹಿಂದೆ ಬೆಂಕಿಪುರ ಎಂದು ಕರೆಸಿಕೊಳ್ಳುತ್ತಿದ್ದ ಈ ಊರಿನಲ್ಲಿ ಎಲ್ಲರೂ ಒಟ್ಟಿಗೆ ನಿದ್ದೆ ಮಾಡುವುದು ನಿಂತುಹೋಯಿತು.

ಕಾರ್ಖಾನೆಯ ಮೊದಲ ಹೆಸರು ‘ಮೈಸೂರು ವುಡ್ ಡಿಸ್ಟಿಲೇಷನ್ ಅಂಡ್ ಐರನ್ ವರ್ಕ್ಸ್’. ಕಬ್ಬಿಣಕ್ಕಿಂತ ಮುಂಚೆ ಮರ. ಮೈಸೂರು ಸಂಸ್ಥಾನದಲ್ಲಿ ಅದಿರಿತ್ತು, ಕಲ್ಲಿದ್ದಲಿರಲಿಲ್ಲ. ಇದ್ದದ್ದು ಮಲೆನಾಡಿನ ಕಾಡು. ಮರವನ್ನು ಗಾಳಿಯಾಡದ ಪಾತ್ರೆಗಳಲ್ಲಿ ಕಾಯಿಸಿ ಇದ್ದಿಲು ಮಾಡಿದರು. ಆಗ ಏಳುವ ಹೊಗೆಯನ್ನೂ ಬಿಡದೆ ತಣಿಸಿ ಮರದ ಆಲ್ಕೊಹಾಲು, ಟಾರು ಇತ್ಯಾದಿ ಇಳಿಸಿಕೊಂಡರು. ಹೊಗೆಯಲ್ಲೂ ಕಾಸು ಹುಡುಕುವ ಈ ಜಾಣತನ ಮೆಚ್ಚುವಂಥದ್ದೇ, ಆದರೆ ಎಷ್ಟು ಕಾಡು ಇದ್ದಿಲಾಯಿತು ಎಂದು ನೆನೆದರೆ ಮೆಚ್ಚುಗೆ ಸ್ವಲ್ಪ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಅದಿರು ಬರುತ್ತಿದ್ದದ್ದು ಕೆಮ್ಮಣ್ಣುಗುಂಡಿಯಿಂದ. ಇಂದು ಚಳಿಗೆ ಸ್ವೆಟರ್ ಹಾಕಿಕೊಂಡು ಫೋಟೊ ತೆಗೆಸಿಕೊಳ್ಳಲು ಹೋಗುವ ಆ ಬೆಟ್ಟದಿಂದ ಅಂದು ಅದಿರಿನ ತೊಟ್ಟಿಗಳು ರೋಪ್‌ವೇ ಮೇಲೆ ತೂಗಾಡುತ್ತ ಇಳಿಯುತ್ತಿದ್ದವು.

ಶುರುವಿನಲ್ಲಿ ನಷ್ಟವೋ ನಷ್ಟ. ಮೊದಲ ಮಹಾಯುದ್ಧ ಮುಗಿದ ಮೇಲೆ ಬೀಡುಕಬ್ಬಿಣದ ಬೆಲೆ ಬಿದ್ದಿತ್ತು. ದಿವಾನಗಿರಿ ಬಿಟ್ಟು ಹೋಗಿದ್ದ ವಿಶ್ವೇಶ್ವರಯ್ಯನವರನ್ನು ಸರ್ಕಾರ ಮತ್ತೆ ಕರೆದು ಆಡಳಿತ ಮಂಡಳಿಯ ಅಧ್ಯಕ್ಷರನ್ನಾಗಿ ಕೂರಿಸಿತು. 1923ರಿಂದ 1929ರವರೆಗೆ ಅವರು ಆ ಭಾರ ಹೊತ್ತರು. ಅದಕ್ಕೆ ಸಂದ ಸಂಭಾವನೆಯನ್ನು ಅವರು ಮನೆಗೆ ಒಯ್ಯಲಿಲ್ಲ, ಬೆಂಗಳೂರಿನಲ್ಲಿ ಹುಡುಗರಿಗೆ ಕಸುಬು ಕಲಿಸುವ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟಿಗೆ ಕೊಟ್ಟರು. ಮುಂದೆ ಕಾರ್ಖಾನೆಗೆ ಅವರ ಹೆಸರೇ ಬಂತು. ಊರಿನವರ ಬಾಯಲ್ಲಿ ಮಾತ್ರ ಅದು ಬರೀ ‘ಫ್ಯಾಕ್ಟರಿ’.

1936ರಲ್ಲಿ ಎಂಪಿಎಂ, ಅಂದರೆ ಮೈಸೂರು ಪೇಪರ್ ಮಿಲ್ಸ್ ಹುಟ್ಟಿತು. ಅಲ್ಲಿಗೆ ಭದ್ರೆಗೆ ಇಬ್ಬರು ಬಾಯಾರಿದ ಮಕ್ಕಳು: ಒಬ್ಬನಿಗೆ ಕಾದ ಕಬ್ಬಿಣ ತಣಿಸಲು ನೀರು, ಇನ್ನೊಬ್ಬನಿಗೆ ಬಿದಿರು ಬೇಯಿಸಲು ನೀರು. ಕಾಗದದ ಯಂತ್ರವೂ ರಾತ್ರಿ ಮಲಗುವ ಜಾತಿಯಲ್ಲ. ತಿರುಳು ಬೇಯುವಾಗ ಏಳುವ ಗಂಧಕದ ವಾಸನೆಗೆ ಹೊಸಬರು ಮೂಗು ಮುಚ್ಚುತ್ತಿದ್ದರು. ಪೇಪರ್ ಟೌನಿನವರು "ಎಂಥ ವಾಸನೆ?" ಎಂದು ನಿಜವಾದ ಆಶ್ಚರ್ಯದಿಂದ ಕೇಳುತ್ತಿದ್ದರು.

ಹಳೇ ಊರಿನಲ್ಲಿ ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹಸ್ವಾಮಿ ಮೂರು ಗರ್ಭಗುಡಿಯ ದೇವಸ್ಥಾನದಲ್ಲಿ ನಿಶ್ಚಿಂತೆಯಾಗಿದ್ದ. ನ್ಯೂ ಟೌನಿನಲ್ಲಿ ದೇವರುಗಳೂ ವಲಸೆ ಬಂದವರೇ. ಕೆಲಸ ಹುಡುಕಿಕೊಂಡು ತಮಿಳರು, ತೆಲುಗರು, ಮಲಯಾಳಿಗಳು, ಮರಾಠಿಗರು ಬಂದರು, ಜೊತೆಗೆ ತಮ್ಮ ತಮ್ಮ ಅಮ್ಮನವರನ್ನೂ ಮುರುಗನನ್ನೂ ಕರೆತಂದರು. ಒಂದು ಸಾಲು ಕ್ವಾರ್ಟರ್ಸಿನಲ್ಲಿ ನಾಲ್ಕು ಭಾಷೆಯ ಬೈಗುಳ ಕಲಿಯಬಹುದಿತ್ತು. ಆದರೆ ನಿಜವಾದ ಒಳಜಾತಿ ಇದ್ದದ್ದು ಭಾಷೆಯಲ್ಲಲ್ಲ, ಶಿಫ್ಟಿನಲ್ಲಿ. ಒಂದೇ ಶಿಫ್ಟಿನವರು ಒಟ್ಟಿಗೆ ಸೈಕಲ್ ತುಳಿದು, ಒಟ್ಟಿಗೆ ಟೀ ಕುಡಿದು, ಒಬ್ಬರ ಮನೆಯ ಸಾವಿಗೆ ಇನ್ನೊಬ್ಬರು ಹೆಗಲು ಕೊಡುತ್ತಿದ್ದರು. ಬೇರೆ ಶಿಫ್ಟಿನ ಪಕ್ಕದ ಮನೆಯವನ ಮುಖ ವಾರಗಟ್ಟಲೆ ಕಾಣದೆ, ಹಗ್ಗದ ಮೇಲೆ ಒಣಗುವ ಅವನ ಖಾಕಿ ಷರಟು ನೋಡಿ ‘ಇದ್ದಾನೆ’ ಎಂದುಕೊಳ್ಳುವುದಿತ್ತು. ಮದುವೆಗೆ ಮುಹೂರ್ತ ಇಡುವಾಗ ಪುರೋಹಿತರ ಪಂಚಾಂಗದ ಜೊತೆಗೆ ಗಂಡಿನ ಚಿಕ್ಕಪ್ಪನ ಡ್ಯೂಟಿ ಪಟ್ಟಿಯನ್ನೂ ನೋಡಬೇಕು. ರಾಹುಕಾಲವನ್ನಾದರೂ ಹೇಗೋ ದಾಟಬಹುದು, ‘ಬದಲಿ ಸಿಗಲಿಲ್ಲ’ ಎಂದು ಅವರು ಬರದಿದ್ದರೆ ಆ ಮುನಿಸು ಮೂರು ತಲೆಮಾರಿಗೆ.

ಈ ಊರಲ್ಲಿ ಹುಟ್ಟಿದ ಕ್ರಿಕೆಟಿಗ ಜಿ. ಆರ್. ವಿಶ್ವನಾಥ್ ಕೂಡ ಶಿಫ್ಟಿನ ಪ್ರಕಾರವೇ ಆಡಿದರು ಎಂದು ನನ್ನ ವಾದ. 1969ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯಾ ವಿರುದ್ಧ ಅವರ ಮೊದಲ ಟೆಸ್ಟ್. ಮೊದಲ ಇನ್ನಿಂಗ್ಸಿನಲ್ಲಿ ಸೊನ್ನೆ, ಎರಡನೆಯದರಲ್ಲಿ 137. ಅವರದು ಸೆಕೆಂಡ್ ಶಿಫ್ಟ್ ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು?

ಮಲೆನಾಡಿನ ಉಳಿದವರಿಗೆ ಭದ್ರಾವತಿ ಎಂದರೆ 1965ರಿಂದ ರೇಡಿಯೊದ ಊರು. ಅಡಿಕೆ ಸುಲಿಯುವ ಚಪ್ಪರದಡಿಯಲ್ಲಿ ಕೂತು ‘ಆಕಾಶವಾಣಿ, ಭದ್ರಾವತಿ’ ಕೇಳಿದವರಲ್ಲಿ ಎಷ್ಟೋ ಮಂದಿ ಫ್ಯಾಕ್ಟರಿಯ ಚಿಮಣಿಯನ್ನು ಕಂಡವರೇ ಅಲ್ಲ.

ಆಮೇಲಿನ ಕಥೆಯನ್ನು ಬೇಗ ಹೇಳಿ ಮುಗಿಸುವುದು ಮೇಲು. ಕಬ್ಬಿಣದ ಜೊತೆಗೆ ಉಕ್ಕನ್ನೂ ಮಾಡುತ್ತಿದ್ದ ಫ್ಯಾಕ್ಟರಿ 1998ರಲ್ಲಿ ಕೇಂದ್ರ ಸರ್ಕಾರದ ಉಕ್ಕು ಪ್ರಾಧಿಕಾರದಲ್ಲಿ (ಸೇಲ್) ವಿಲೀನವಾಯಿತು. ಕಾಗದದ ಯಂತ್ರಗಳು 2015ರಲ್ಲಿ ನಿಂತವು. 2023ರ ಜನವರಿಯಲ್ಲಿ, ಕುಲುಮೆ ಹೊತ್ತಿದ ನೂರನೇ ವರ್ಷದಲ್ಲೇ, ಉಕ್ಕಿನ ಕಾರ್ಖಾನೆಯನ್ನೂ ಮುಚ್ಚುವ ಸುದ್ದಿ ಬಂತು. ಕಾರ್ಮಿಕರು ಗೇಟಿನ ಮುಂದೆ ಕೂತರು, ಅದೇ ವರ್ಷ ಉಕ್ಕಿನ ಸರಳು ಮಾಡುವ ಬಾರ್ ಮಿಲ್ ಮತ್ತೆ ತಿರುಗಿತು. ತಿರುಗಿತು ಎಂದರೆ ಹಿಂದಿನ ಹಾಗಲ್ಲ. ಈಗ ಊರಿಗೆ ಊರೇ ರಾತ್ರಿ ಹತ್ತಕ್ಕೆ ದೀಪವಾರಿಸುತ್ತದೆ, ಯಾವುದೇ ತಾಲ್ಲೂಕು ಕೇಂದ್ರದ ಹಾಗೆ.

ಹಗಲು ಮಲಗುವವರು ಪೂರ್ತಿ ಇಲ್ಲವಾದರು ಎಂದೇನೂ ಅಲ್ಲ. ಪರಿಚಯದ ಮನೆಯೊಂದರಲ್ಲಿ ಮೊಮ್ಮಗ ಬೆಂಗಳೂರಿನ ಕಂಪ್ಯೂಟರ್ ಕಂಪನಿಯ ಕೆಲಸವನ್ನು ಮನೆಯಿಂದಲೇ ಮಾಡುತ್ತಾನೆ. ಅಮೆರಿಕದವರ ಹಗಲೆಲ್ಲ ಅವನ ರಾತ್ರಿ. ಗಂಡನ ನೈಟ್ ಶಿಫ್ಟುಗಳನ್ನು ನಿಭಾಯಿಸಿ ಪಳಗಿದ ಅಜ್ಜಿಗೆ ಯಾರೂ ಏನೂ ಹೇಳಿಕೊಡಬೇಕಾಗಲಿಲ್ಲ. ಕಿಟಕಿಗೆ ಕಂಬಳಿ ಇಳಿಬಿಟ್ಟರು, ಮಿಕ್ಸಿಯನ್ನು ಹಿತ್ತಿಲ ಕೋಣೆಗೆ ಸಾಗಿಸಿದರು. ಕಡೆಗೊಂದು ದಿನ ಕೇಳಿಯೇಬಿಟ್ಟರು:

"ಅಲ್ಲ ಮರಿ, ರಾತ್ರಿಯಿಡೀ ಕೂತು ಕಾಯಕ್ಕೆ ಅಲ್ಲೇನು ಫರ್ನೇಸ್ ಉರೀತಿದೆಯಾ?"

"ಸರ್ವರ್ ಅಂತ ಇರುತ್ತೆ ಅಜ್ಜಿ. ಅದು ಒಂದು ನಿಮಿಷಾನೂ ನಿಲ್ಲೋ ಹಾಗಿಲ್ಲ."

"ಹಾಗಾದ್ರೆ ಸರಿ ಬಿಡು," ಎಂದರು ಅಜ್ಜಿ. ಸ್ವಲ್ಪ ಹೊತ್ತು ಬಿಟ್ಟು, "ಓಟಿ ಕೊಡ್ತಾರಾ?"

ಮೊಮ್ಮಗ ಮುಸುಕೆಳೆದುಕೊಂಡ.